ಉಸಿರು ತೆಗೆದುಕೊಂಡಲ್ಲಿ ಚುಕ್ಕಿ

ಮುದ್ರಣಾಲಯದಲ್ಲಿ ಎಲ್ಲರೂ ಅವಳನ್ನು ಕರಡಮ್ಮ ಅಂತಲೇ ಕರೆಯುತ್ತಿದ್ದರು. ಶಾಲೆಯ ಪುಸ್ತಕಗಳ ಕರಡು ತಿದ್ದುವ ಮೇಜಿನ ಮುಂದೆ ಮೂವತ್ತೊಂದು ವರ್ಷ ಕೂತವಳಿಗೆ ಇನ್ನೇನು ಹೆಸರು ಬಿದ್ದೀತು? ಬೆನ್ನ ಹಿಂದೆ ಕರಡಿಯಮ್ಮ ಅನ್ನುವವರೂ ಇದ್ದರು. ಅದೂ ಅವಳ ಕಿವಿಗೆ ಬಿದ್ದಿತ್ತು. ಕಾಗುಣಿತ ಸರಿಯಾಗಿದ್ದದ್ದರಿಂದ ಸುಮ್ಮನಿದ್ದಳು.

ಮೊಸರಲ್ಲಿ ಕಲ್ಲು ಹುಡುಕುವುದು ಬೇರೆಯವರಿಗೆ ಬೈಗುಳವಾದರೆ ಅವಳಿಗೆ ಅದೇ ನೌಕರಿ. ಕೆಲಸದಿಂದ ನಿವೃತ್ತಿಯಾದ ಮೇಲೂ ಕಣ್ಣು ನಿವೃತ್ತಿಯಾಗಲಿಲ್ಲ. ಔಷಧಿ ಡಬ್ಬಿ, ಅಂಗಡಿ ಬೋರ್ಡು, ಬಸ್ಸಿನ ಟಿಕೆಟ್ಟು, ಯಾವುದನ್ನು ಕೈಗೆತ್ತಿಕೊಂಡರೂ ದೃಷ್ಟಿ ಮೊದಲು ತಪ್ಪಿನ ಮೇಲೇ ಹೋಗಿ ಕೂರುತ್ತಿತ್ತು. "ನಿನ್ನ ಜೊತೆ ರಸ್ತೇಲಿ ನಡೆಯೋದು ಅಂದ್ರೆ ಪರೀಕ್ಷೆ ಪೇಪರ್ ಜೊತೆ ನಡೆದ ಹಾಗೆ ಕಣೇ" ಅಂತ ಗಂಡ ನಗುತ್ತಿದ್ದರು.

ಗಂಡ ಡ್ರೈವಿಂಗ್ ಶಾಲೆಯ ಮೇಷ್ಟ್ರು. ಊರಿಗೆಲ್ಲ ಅವರ ದನಿ ಗೊತ್ತು. ಕಾರಿನ ಗಾಜು ಏರಿಸಿದ್ದರೂ "ಕ್ಲಚ್ಚು! ಕ್ಲಚ್ಚು ಅಂದ್ನಲ್ಲಾ!" ಅನ್ನುವುದು ಬೀದಿಯ ಆ ತುದಿಗೆ ಕೇಳುತ್ತಿತ್ತು. ಕಲಿಯಲು ಬಂದವರು ಅವರ ದನಿಗೆ ಬೆಚ್ಚಿಯೇ ಬ್ರೇಕ್ ಒತ್ತುತ್ತಿದ್ದರು ಎಂದು ಒಂದು ಮಾತಿತ್ತು. ಅಂಥ ಗಂಟಲಲ್ಲಿ ಒಂದು ಗಂಟು ಬಂತು. ಮೊದಲು ದನಿ ಒಡೆಯಿತು, ಆಮೇಲೆ ನುಂಗುವುದು ಕಷ್ಟವಾಯಿತು, ಪರೀಕ್ಷೆಗಳಾದವು. ದನಿಪೆಟ್ಟಿಗೆಯನ್ನೇ ತೆಗೆಯಬೇಕು ಅಂದರು ಡಾಕ್ಟರು. ತೆಗೆದರು. ಜೀವ ಉಳಿಯಿತು. ಇನ್ನು ಮುಂದೆ ಅವರು ಉಸಿರಾಡುವುದು ಮೂಗಿನಿಂದಲ್ಲ, ಬಾಯಿಂದಲ್ಲ, ಕತ್ತಿನ ಬುಡದಲ್ಲಿ ಮಾಡಿದ ಒಂದು ರಂಧ್ರದಿಂದ. ಅದರ ಮೇಲೊಂದು ತೆಳು ಬಟ್ಟೆ. ದನಿ ಮಾತ್ರ ಪೂರ್ತಿ ಹೋಯಿತು.

ಮನೆಗೆ ಬಂದ ಮೇಲೆ ಮೇಷ್ಟ್ರು ಮಾತಾಡಲು ಒಂದು ಸ್ಲೇಟು ತರಿಸಿಕೊಂಡರು. ಊಟದ ಮೇಜಿನ ಮೇಲೆ ಬಳಪ, ಒದ್ದೆ ಬಟ್ಟೆ, ಸ್ಲೇಟು. ಮೂರನೆಯ ದಿನವೋ ನಾಲ್ಕನೆಯ ದಿನವೋ ಅವರು 'ದಿಂಬು ಎತ್ರ ಮಾಡು' ಎಂದು ಬರೆದು ತೋರಿಸಿದರು. ಕರಡಮ್ಮ ಎದ್ದು ದಿಂಬು ಎತ್ತರ ಮಾಡಿದಳು. ವಾಪಸು ಬಂದು, ಯಾವ ಯೋಚನೆಯೂ ಇಲ್ಲದೆ, ಬಳಪ ತೆಗೆದುಕೊಂಡು 'ಎತ್ರ'ದ ಮೇಲೆ ಒಂದು ತ ಸೇರಿಸಿದಳು. ಮೇಷ್ಟ್ರು ಸ್ಲೇಟನ್ನು ನೋಡಿದರು, ಅವಳನ್ನು ನೋಡಿದರು, ಒದ್ದೆ ಬಟ್ಟೆಯಿಂದ ಎಲ್ಲ ಒರೆಸಿ ಸ್ಲೇಟು ಮಗುಚಿಟ್ಟರು. ಅವತ್ತಿನಿಂದ ಏನು ಬೇಕಿದ್ದರೂ ಮೇಜು ಕುಟ್ಟಿ ಬೆರಳು ತೋರಿಸುವುದೇ ಆಯಿತು.

ನೋಡಲು ಬಂದಿದ್ದ ನಾದಿನಿ ಅಡುಗೆಮನೆಗೆ ಬಂದು ಮೆಲ್ಲಗೆ ಅಂದಳು: "ಅತ್ತಿಗೆ, ಗಂಟಲು ಡಾಕ್ಟ್ರು ತಗೊಂಡ್ರು. ಬಳಪಾನಾದ್ರೂ ಅಣ್ಣನಿಗೆ ಬಿಡಿ."

ಕರಡಮ್ಮನಿಗೆ ಮಾತು ನಾಟಿತು. ಆದರೆ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಅನ್ನುತ್ತಾರಲ್ಲ, ಅವಳದು ಹುಟ್ಟುಗುಣವಲ್ಲದಿದ್ದರೂ ಮೂವತ್ತೊಂದು ವರ್ಷದ್ದು.

ಹರಟೆಕಟ್ಟೆಯ ವಿಚಾರ ಹೇಳಿದ್ದು ಆಸ್ಪತ್ರೆಯ ಮಾತಿನ ಟೀಚರ್. ದನಿ ಕಳೆದುಕೊಂಡವರಿಗೆ ಹೊಸದಾಗಿ ಮಾತು ಕಲಿಸುವ ಹೆಂಗಸು. "ಇಂಟರ್ನೆಟ್ಟಲ್ಲಿ ಒಂದು ವೇದಿಕೆ ಇದೆ. ನಿಮ್ಮ ಮನೆಯವರ ಥರ ಆಪರೇಷನ್ ಆದವರು, ಅವರ ಮನೆಯವರು, ಎಲ್ಲಾ ಸೇರಿ ಬರ್ಕೋತಾರೆ. ನಮಗೆ ಗೊತ್ತಿಲ್ಲದ್ದೂ ಅವರಿಗೆ ಗೊತ್ತಿರುತ್ತೆ. ಸೇರ್ಕೊಳ್ಳಿ" ಅಂದಳು.

ಕರಡಮ್ಮ ಸೇರಿಕೊಂಡಳು. ಮೊದಲ ಸಂಜೆ ಹಳೆಯ ಬರಹಗಳನ್ನು ಓದಿ ಅವಳಿಗೆ ತಲೆ ಸುತ್ತಿತು. ಒಬ್ಬಳು ಮಾತಿಗೆ ಮೂರು ಆಶ್ಚರ್ಯಸೂಚಕ ಹಾಕುತ್ತಿದ್ದಳು. ಸಕ್ಕರೆ ತೀರಿತು ಅನ್ನುವುದಕ್ಕೂ ಮೂರು. ಒಬ್ಬರು ನಿವೃತ್ತ ಗುಮಾಸ್ತರು 'ಮಾನ್ಯರೇ' ಎಂದು ಶುರುಮಾಡಿ 'ತಮ್ಮ ವಿಧೇಯ' ಎಂದು ಮುಗಿಸುತ್ತಿದ್ದರು, ನಡುವೆ ಇರುತ್ತಿದ್ದದ್ದು ಕೆಮ್ಮಿನ ವಿಷಯ. ಕಟ್ಟೆ ನೋಡಿಕೊಳ್ಳುವ ನಿವೃತ್ತ ನರ್ಸ್ ಒಬ್ಬರಿದ್ದರು, ಎಲ್ಲರಿಗೂ ದಾದಿಯಕ್ಕ. ಅವರು ಎಂದೂ ಒಂದು ಸಾಲಿಗಿಂತ ಹೆಚ್ಚು ಬರೆದವರಲ್ಲ. ಬರೆದ ಸಾಲು ಯಾವುದೇ ಆಗಿರಲಿ, ಕೊನೆಯಲ್ಲಿ 'ನೀರು ಕುಡೀರಿ' ಎಂದಿರುತ್ತಿತ್ತು.

ಕರಡಮ್ಮ ತನ್ನ ಮೊದಲ ಪ್ರಶ್ನೆ ಬರೆದಳು. ರಂಧ್ರದ ಒಳಗೆ ಕಫ ಒಣಗಿ ಗಟ್ಟಿಯಾಗುತ್ತದೆ, ಉಸಿರಿಗೆ ತೊಂದರೆಯಾಗಬಹುದೇ, ಆದರೆ ಏನು ಮಾಡಬೇಕು. ಇಷ್ಟನ್ನೇ ಕೇಳಬಹುದಿತ್ತು. ಆದರೆ ಅವಳು ಕೇಳಿದ್ದು ಹದಿನಾಲ್ಕು ಅಂಶಗಳಲ್ಲಿ. ಒಂದು, ಎರಡು, ಮೂರು. ಮೂರರ ಒಳಗೆ ಅ, ಆ, ಇ. ಅಲ್ಲಲ್ಲಿ ಆವರಣ, ಅರ್ಧವಿರಾಮ. ಹತ್ತು ನಿಮಿಷ ಬಿಟ್ಟು ಕೆಳಗೆ ಇನ್ನೊಂದು: 'ತಿದ್ದೋಲೆ: ಮೇಲಿನ ಬರಹದ ಏಳನೆಯ ಅಂಶದಲ್ಲಿ ಬಟ್ಟೆ ಎಂದಿರುವುದನ್ನು ಬಟ್ಟೆಯನ್ನು ಎಂದು ಓದಿಕೊಳ್ಳತಕ್ಕದ್ದು.'

ಮಾರನೆಯ ಬೆಳಿಗ್ಗೆ ಉತ್ತರ ಬಂದಿತ್ತು. ಬರೆದವನು ಲಾರಿಯಣ್ಣ ಅನ್ನುವವನು. ಹೆಸರೇ ಹೇಳುವಂತೆ ಲಾರಿ ಓಡಿಸುತ್ತಿದ್ದವನು, ಒಂಬತ್ತು ವರ್ಷದ ಹಿಂದೆ ಆಪರೇಷನ್ ಆದವನು. ಉತ್ತರ ಉದ್ದವಿತ್ತು. ಶುರುವಿನಿಂದ ಕೊನೆಯವರೆಗೆ ಒಂದೇ ಒಂದು ಚುಕ್ಕಿ ಇರಲಿಲ್ಲ. ವಿಷಯ ಬದಲಾಯಿಸಬೇಕಾದಾಗಲೆಲ್ಲ 'ಸೈಡ್ ಪ್ಲೀಸ್' ಎಂದು ಬರೆದು ಮುಂದಕ್ಕೆ ಹೋಗುತ್ತಿದ್ದ. ಹಕಾರವಂತೂ ಅವನ ಅಕ್ಷರಮಾಲೆಯಲ್ಲೇ ಇದ್ದಂತಿರಲಿಲ್ಲ. ಹನಿ ಅವನಿಗೆ ಅನಿ, ಹೆದರಬೇಡಿ ಅನ್ನುವುದು ಎದರ್ಬೇಡಿ.

ಕರಡಮ್ಮ ಎರಡು ಸಾಲು ಓದಿದಳು. ಮೂರನೆಯ ಸಾಲಿಗೆ ಕಣ್ಣು ಅರ್ಥ ಹುಡುಕುವುದು ಬಿಟ್ಟು ತಪ್ಪು ಎಣಿಸತೊಡಗಿತ್ತು. ಕಾಫಿ ಆರುವಷ್ಟರಲ್ಲಿ ಪಟ್ಟಿ ಸಿದ್ಧವಾಯಿತು, ಕಟ್ಟೆಯ ಮೇಲೆ ಎಲ್ಲರಿಗೂ ಕಾಣುವಂತೆ ಹಾಕಿಯೂ ಆಯಿತು. ಹತ್ತೊಂಬತ್ತು ತಪ್ಪುಗಳು, ಎದುರಿಗೆ ಹತ್ತೊಂಬತ್ತು ಸರಿರೂಪಗಳು. ಕೊನೆಯದು ಹೀಗಿತ್ತು: '೧೯. ಇಷ್ಟು ದೀರ್ಘ ಬರಹದಲ್ಲಿ ಒಂದೂ ಪೂರ್ಣವಿರಾಮವಿಲ್ಲ. ಓದುವವರ ಉಸಿರು ಕಟ್ಟುತ್ತದೆ.'

ಕತ್ತಿನ ರಂಧ್ರದಿಂದ ಉಸಿರೆಳೆಯುವ ಜನರ ನಡುವೆ ಆ ಮಾತು ಬರೆದಿದ್ದೇನೆ ಅನ್ನುವುದು ಅವಳಿಗೆ ಹೊಳೆಯಲೇ ಇಲ್ಲ.

ಅರ್ಧ ಗಂಟೆಯಲ್ಲಿ ಲಾರಿಯಣ್ಣನ ಮರುಮಾತು ಬಂತು. 'ತಪ್ಪಾಯ್ತು ಮೇಡಂ ಒಟ್ಟೆಗೆ ಆಕ್ಕೊಳ್ಳಿ'. ಅದರ ಕೆಳಗೆ ದಾದಿಯಕ್ಕನ ಒಂದೇ ಸಾಲು: 'ನೀರು ಕುಡೀರಿ.' ಯಾರಿಗೆ ಹೇಳಿದ್ದು ಅಂತ ಬರೆದಿರಲಿಲ್ಲ.

ಆಮೇಲೆ ಲಾರಿಯಣ್ಣ ಕಟ್ಟೆಯಲ್ಲಿ ಏನೂ ಬರೆಯಲಿಲ್ಲ. ಒಂದು ವಾರ ಕಳೆಯಿತು, ಎರಡು ವಾರ ಕಳೆಯಿತು. ಕರಡಮ್ಮ ಅದನ್ನು ಗಮನಿಸಲೂ ಇಲ್ಲ. ಮನೆಯ ಕೆಲಸವೇ ಕತ್ತಿನವರೆಗೆ ಬಂದಿತ್ತು.

ಹಾಗಿರುವಾಗ ಒಂದು ಮಧ್ಯಾಹ್ನ, ಬಟ್ಟೆ ಒಣಹಾಕಿ ಒಳಗೆ ಬಂದರೆ, ಮೇಷ್ಟ್ರು ಎರಡೂ ಕೈಯಿಂದ ಮೇಜು ಕುಟ್ಟುತ್ತಿದ್ದಾರೆ. ಮುಖ ಕೆಂಪಾಗಿದೆ. ಕತ್ತಿನಿಂದ ಸೀಟಿಯಂಥ ಸದ್ದು. ಒಳಗೆ ಹೋಗುವ ಉಸಿರಿಗೆ ಏನೋ ಅಡ್ಡ ಕೂತಿದೆ. ಅವಳು ಆಂಬ್ಯುಲೆನ್ಸಿಗೆ ಫೋನ್ ಮಾಡಿದಳು. ಇಪ್ಪತ್ತು ನಿಮಿಷ ಅಂದರು. ಇಪ್ಪತ್ತು ನಿಮಿಷ ಅಂದರೆ ಎಷ್ಟು ಅನ್ನುವುದು ಆ ಸೀಟಿ ಕೇಳಿದವರಿಗೇ ಗೊತ್ತು. ಆಸ್ಪತ್ರೆಯವರು ಕೊಟ್ಟ ಕೈಪಿಡಿ ಎಲ್ಲಿಟ್ಟೆ? ನೆನಪಿಗೆ ಬರಲೊಲ್ಲದು. ಕೈಯಲ್ಲಿದ್ದ ಫೋನಿನಲ್ಲೇ ಹರಟೆಕಟ್ಟೆ ತೆರೆದಳು. ತನ್ನ ಪ್ರಶ್ನೆ, ಅದರ ಕೆಳಗೆ ಲಾರಿಯಣ್ಣನ ಉತ್ತರ. ಕಣ್ಣಲ್ಲಿ ಓದಲು ಹೋದರೆ ಅಕ್ಷರ ಕುಣಿಯುತ್ತಿದ್ದವು. ಅದಕ್ಕೇ ಬಾಯಿಬಿಟ್ಟು ಗಟ್ಟಿಯಾಗಿ ಓದಿದಳು, ಇದ್ದದ್ದು ಇದ್ದ ಹಾಗೆ.

"ಮೇಡಂ ಮೊದ್ಲು ಎದರ್ಬೇಡಿ ನೀವ್ ಎದ್ರಿದ್ರೆ ಅವ್ರ್ ಎದರ್ತಾರೆ ಅವ್ರ್ ಎದ್ರಿದ್ರೆ ಉಸಿರು ಜೋರಾಗುತ್ತೆ ಇನ್ನೂ ಒಣಗುತ್ತೆ ಬೆನ್ನು ನೆಟ್ಟಗೆ ಮಾಡಿ ಕೂರ್ಸಿ ಕತ್ತಿನ ಬಟ್ಟೆ ತೆಗೀರಿ ಆಸ್ಪತ್ರೆಲಿ ಕೊಟ್ಟ ಉಪ್ಪುನೀರಿನ ಸಣ್ಣ ಸೀಸೆ ಇರುತ್ತಲ್ಲ ಅದನ್ನ ಕೈಗೆ ಸಿಗೋ ಆಗೆ ಇಟ್ಟಿರಿ ಬೀಗ ಆಕಿದ ಬೀರೂಲಿ ಇಡ್ಬೇಡಿ ನಾನ್ ಅಂಗೆ ಇಟ್ಟು ಒಂದ್ಸಲ ಬೀರು ಬಾಗ್ಲೇ ಒಡ್ದಿದೀನಿ ಸೈಡ್ ಪ್ಲೀಸ್..."

ಸೀಸೆ ಕಿಟಕಿಯ ಮೇಲಿತ್ತು. ಅವಳು ಮೇಷ್ಟ್ರನ್ನು ನೆಟ್ಟಗೆ ಕೂರಿಸಿ, ಬಟ್ಟೆ ತೆಗೆದು, ಓದುತ್ತಲೇ ಇದ್ದಳು.

"...ಉಸಿರು ಒಳಗೆ ಎಳೆಯೋ ಒತ್ತಿಗೆ ಮೂರ್ನಾಲ್ಕು ಅನಿ ಬಿಡಿ ಕೆಮ್ಮು ಬರುತ್ತೆ ಬರ್ಲಿ ಮುಂದಕ್ಕೆ ಬಗ್ಗಿಸಿ ಕೆಮ್ಮಿಸಿ ಮತ್ತೆ ಅನಿ ಮತ್ತೆ ಕೆಮ್ಮು ಗಾಡಿ ಸ್ಟಾರ್ಟ್ ಆಗ್ದಿದ್ರೆ ನಾವ್ ಒಂದೇ ಸಲಕ್ಕೆ ಬಿಟ್ಟು ಓಗ್ತೀವಾ ಇಲ್ಲ ಅಲ್ವಾ ಇನ್ನೊಂದ್ಸಲ ಬಿಡಿ ಬೆನ್ನು ತಟ್ಟಿ..."

ಎಲ್ಲಿಯೂ ನಿಲ್ಲಲು ಚುಕ್ಕಿ ಇರಲಿಲ್ಲ, ಅವಳೂ ನಿಲ್ಲಲಿಲ್ಲ. ಯಾರೋ ಪಕ್ಕದಲ್ಲಿ ಕೂತು ಎಡಕ್ಕೆ ಹೊಡಿ, ನಿಧಾನ, ಈಗ ಗೇರು ಅಂತ ಹೇಳಿಕೊಡುತ್ತಿದ್ದ ಹಾಗಿತ್ತು. ನಾಲ್ಕನೆಯ ಸಲ ಹನಿ ಬಿಟ್ಟಾಗ ಮೇಷ್ಟ್ರು ಮೈಯೆಲ್ಲ ಬಾಗಿ ಕೆಮ್ಮಿದರು. ಮೆಣಸುಕಾಳಿನಷ್ಟು ದೊಡ್ಡ ಒಂದು ಗಟ್ಟಿ ಉಂಡೆ ಹೊರಗೆ ಬಿತ್ತು. ಅದರ ಹಿಂದೆಯೇ ಉಸಿರು, ಉದ್ದನೆಯ ಸಲೀಸಾದ ಉಸಿರು.

ಆಂಬ್ಯುಲೆನ್ಸ್ ಬಂದಾಗ ಮೇಷ್ಟ್ರು ಕುರ್ಚಿಯಲ್ಲಿ ಒರಗಿ ಕಣ್ಣು ಮುಚ್ಚಿಕೊಂಡಿದ್ದರು. ಬಂದವರು ನೋಡಿ, "ಸರಿಯಾಗೇ ಮಾಡಿದೀರಮ್ಮ, ಯಾರು ಹೇಳ್ಕೊಟ್ರು?" ಅಂದರು.

"ಒಬ್ರು ಲಾರಿ ಡ್ರೈವರ್ರು" ಅಂದಳು ಕರಡಮ್ಮ.

ಅಂದು ಸಂಜೆ ಅವಳು ಬರೆಯಲು ಕೂತಳು. ಬೆರಳು ತಾನಾಗಿ '೧.' ಎಂದು ಶುರುಮಾಡಿತು. ಅಳಿಸಿದಳು. ಮತ್ತೆ ಬರೆದಳು, ಅದರಲ್ಲೂ ಮೂರು ಅರ್ಧವಿರಾಮ ಬಂದು ಕೂತವು. ಅವನ್ನೂ ಅಳಿಸಿದಳು. 'ಲಾರಿಯಣ್ಣ, ಇವತ್ತು ನಿಮ್ಮ ಬರಹ ಓದುತ್ತಾ ನಮ್ಮನೆಯವರ ಉಸಿರು ಉಳಿಸಿಕೊಂಡೆ. ಅದನ್ನು ಪೂರ್ತಿ ಓದದೆ ತಪ್ಪು ಎಣಿಸಿದ್ದೆ. ಉಸಿರು ಕಟ್ಟುತ್ತದೆ ಎಂದು ಬರೆದಿದ್ದೆ. ನನ್ನನ್ನು ಕ್ಷಮಿಸಿ.' ಹಾಕಿದಳು. ಉತ್ತರ ಬರಲಿಲ್ಲ.

ಮೂರು ದಿನ ಕಾದು ದಾದಿಯಕ್ಕನಿಗೆ ಬರೆದು, ತನ್ನ ನಂಬರು ಕೊಟ್ಟು, ಲಾರಿಯಣ್ಣನ ಫೋನ್ ನಂಬರು ಕೇಳಿದಳು. ದಾದಿಯಕ್ಕ ತಾವೇ ಫೋನ್ ಮಾಡಿದರು. ಒಂದು ಸಾಲಿನ ಹೆಂಗಸು ಫೋನಿನಲ್ಲಿ ಹಾಗಿರಲಿಲ್ಲ, ಬಾಯ್ತುಂಬ ಮಾತು.

"ಅವನು ಓದ್ತಾ ಇದಾನಮ್ಮ, ಬರೀತಿಲ್ಲ ಅಷ್ಟೇ. ಮುಜುಗರ. ಕಟ್ಟೇಲಿ ಓದಿದೋರೆಲ್ಲಾ ಇದಾರೆ, ನಾನು ಬರ್ದು ಯಾಕೆ ನಗೆಪಾಟಲಾಗ್ಲಿ ಅಂತಾನೆ."

"ನನ್ನಿಂದ ಆಗಿದ್ದು" ಅಂದಳು ಕರಡಮ್ಮ. "ನೀವಾದ್ರೂ ಅವತ್ತೇ ನನ್ನ ಬೈಬಹುದಿತ್ತು."

"ಬೈಯೋದಾ? ನೀವು ಸೇರಿದ ದಿನಾನೇ ನಿಮ್ಮ ಮೇಲೆ ಎರಡು ದೂರು ಬಂದಿತ್ತು, ಗೊತ್ತಾ? ಹದಿನಾಲ್ಕು ಅಂಶ ಹಾಕಿದ್ರಲ್ಲ. ಈ ಅಮ್ಮ ಪ್ರಶ್ನೆ ಕೇಳ್ತಿದಾರೋ ಕೋರ್ಟ್ ನೋಟೀಸ್ ಕೊಡ್ತಿದಾರೋ ಅಂತ ಒಬ್ರು. ತಿದ್ದೋಲೆ ಅಂದ್ರೆ ಏನು, ಓದೋಕೇ ಭಯ ಆಗುತ್ತೆ ಅಂತ ಇನ್ನೊಬ್ರು."

ಕರಡಮ್ಮನ ಕಿವಿ ಬಿಸಿಯಾಯಿತು. ಇಷ್ಟು ದಿನ ತಾನು ಇವರನ್ನೆಲ್ಲ ಸಹಿಸಿಕೊಂಡಿದ್ದೇನೆ ಅಂದುಕೊಂಡಿದ್ದಳು. ತನ್ನನ್ನೂ ಯಾರಾದರೂ ಸಹಿಸಬೇಕಾಗಿ ಬರಬಹುದು ಅನ್ನುವುದು ಮನಸ್ಸಿನ ಮೂಲೆಯಲ್ಲೂ ಸುಳಿದಿರಲಿಲ್ಲ.

"ನಿಮ್ಮ ಪರವಾಗಿ ಯಾರು ಬರೆದ್ರು ಹೇಳಿ ನೋಡೋಣ" ಅಂದರು ದಾದಿಯಕ್ಕ. "ಇರಿ, ಓದ್ತೀನಿ. ನನಗೊಬ್ಬಳಿಗೇ ಕಳ್ಸಿದ್ದ, ಇಟ್ಕೊಂಡಿದೀನಿ. ಕೇಳಿ: ಅಕ್ಕಾ ಆ ಯಮ್ಮ ನಂಬರ್ ಆಕಿ ಬರೆಯೋದು ಸೊಕ್ಕಿಗಲ್ಲ ಬಯಕ್ಕೆ ಗಂಡಂಗೆ ಏನಾಗುತ್ತೋ ಅಂತ ಬಯ ಇದೆ ಬಯ ಇರೋರು ಎಣಿಸ್ತಾರೆ ನಾನೂ ಆಪರೇಷನ್ ರೂಮಿಗೆ ಓಗ್ತಾ ದೀಪ ಎಣಿಸಿದ್ದೆ ಇಪ್ಪತ್ತಾರು ಇತ್ತು ಅವರನ್ನ ಅಂಗೇ ಬರಿಯೋಕೆ ಬಿಡಿ."

ತನ್ನ ಬರಹದೊಳಗಿನ ಹೆದರಿಕೆ ಕರಡಮ್ಮನಿಗೇ ಕಂಡಿರಲಿಲ್ಲ. ಮೂವತ್ತೊಂದು ವರ್ಷ ಬೇರೆಯವರ ಸಾಲು ಓದಿದ್ದಾಳೆ, ಅದರ ಹಿಂದಿನ ಮನುಷ್ಯರನ್ನು ಹೀಗೆ ಓದಿದ್ದುಂಟೇ? ಈ ಲಾರಿ ಓಡಿಸುವವನು ಹದಿನಾಲ್ಕು ಅಂಶಗಳನ್ನು ದಾಟಿ ನೇರ ಅವಳ ಎದೆಗೆ ಬಂದು ನಿಂತಿದ್ದ. ಆಮೇಲೆ ಕೂತು ಅವಳಿಗೆ ಉತ್ತರ ಬರೆದಿದ್ದ. ಅವಳು ಪಟ್ಟಿ ಮಾಡಿದ್ದಳು.

"ಅಮ್ಮಾ, ಇದೀರಾ?" ಅಂದರು ದಾದಿಯಕ್ಕ.

"ಇದೀನಿ."

"ನೀರು ಕುಡೀರಿ."

ಅಳುವ ಹೊತ್ತಿನಲ್ಲೂ ಕರಡಮ್ಮನಿಗೆ ನಗು ಬಂತು.

ಈ ನಡುವೆ ಮೇಷ್ಟ್ರು ಮಾತಿನ ಟೀಚರ್ ಹತ್ತಿರ ಹೊಸ ಮಾತು ಕಲಿಯುತ್ತಿದ್ದರು. ಟಾರ್ಚಿನಷ್ಟು ದೊಡ್ಡ ಒಂದು ಯಂತ್ರ. ಅದನ್ನು ಕತ್ತಿಗೆ ಒತ್ತಿ ಗುಂಡಿ ಅಮುಕಿದರೆ ಅದು ದುಂಬಿಯಂತೆ ಗುಂಯ್‌ಗುಡುತ್ತದೆ. ಆ ಸದ್ದನ್ನೇ ನಾಲಿಗೆ, ತುಟಿ ಆಡಿಸಿ ಮಾತು ಮಾಡಿಕೊಳ್ಳಬೇಕು. ಮನೆಯಲ್ಲಿ ಅದನ್ನು ಹಿಡಿಯಲು ಮೇಷ್ಟ್ರಿಗೆ ನಾಚಿಕೆ. ಒಂದು ಬೆಳಿಗ್ಗೆ ಅಡುಗೆಮನೆ ಬಾಗಿಲಲ್ಲಿ ನಿಂತು, ಯಂತ್ರ ಕತ್ತಿಗಿಟ್ಟು, ಮೊದಲ ಸಲ ಹೆಂಡತಿಗೆ ಕೇಳುವಂತೆ ಒಂದು ಪದ ಅಂದರು.

"ಅಸಿವು."

"ಹಸಿವು" ಅಂದಳು ಕರಡಮ್ಮ, ಒಲೆಯಿಂದ ಮುಖ ತಿರುಗಿಸದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಮೇಷ್ಟ್ರು ಕೋಪಿಸಿಕೊಳ್ಳಲಿಲ್ಲ. ಬಂದು, ಬಹಳ ದಿನದ ಮೇಲೆ ಆ ಸ್ಲೇಟು ತೆಗೆದು ಬರೆದರು: 'ಹ ಬರಲ್ಲ. ಹ ಅಂದ್ರೆ ಬರೀ ಉಸಿರಂತೆ. ನನ್ನ ಉಸಿರು ಬಾಯಿಗೆ ಬರಲ್ಲವಲ್ಲ. ಟೀಚರ್ ಹೇಳಿದ್ರು ನಮ್ಮಲ್ಲಿ ಯಾರಿಗೂ ಸರಿಯಾಗಿ ಬರಲ್ಲ ಅಂತ.'

ಕರಡಮ್ಮ ತನ್ನ ಬಾಯಿಯ ಮುಂದೆ ಅಂಗೈ ಹಿಡಿದು "ಹ" ಅಂದು ನೋಡಿದಳು. ಅಂಗೈಗೆ ಬೆಚ್ಚಗೆ ಗಾಳಿ ತಾಗಿತು. ಲಕ್ಷಗಟ್ಟಲೆ ಹಕಾರ ನೋಡಿದವಳು ಅದನ್ನು ಎಂದೂ ಮುಟ್ಟಿ ನೋಡಿರಲಿಲ್ಲ. ಮೇಷ್ಟ್ರ ಎರಡೂ ಕೈ ಹಿಡಿದುಕೊಂಡು, "ಏನ್ರೀ, ಸ್ಲೇಟು ಮುಟ್ಟಿದ್ದಕ್ಕೆ ನನ್ನ ಮೇಲೆ ಬೇಜಾರು ಮಾಡ್ಕೋಬೇಡಿ" ಅಂದಳು. ಮೇಷ್ಟ್ರು ಯಂತ್ರ ಎತ್ತಿಕೊಂಡು, "ಮೊದ್ಲು ಊಟ ಆಕು" ಅಂದರು.

ಅಂದೇ ಅವಳು ಕಟ್ಟೆಯಲ್ಲಿ ಇದನ್ನೆಲ್ಲ ಬರೆದಳು. ಲಾರಿಯಣ್ಣನ ಬರಹದಲ್ಲಿ ಹಕಾರ ಯಾಕಿಲ್ಲ ಅನ್ನುವುದು ತನಗೆ ಈಗ ಅರ್ಥವಾಯಿತು, ಅವರು ಮಾತಾಡಿದ ಹಾಗೆ ಬರೆಯುತ್ತಾರೆ, ಬಾಯಿಗೆ ಬಾರದ ಅಕ್ಷರ ಕೈಗೂ ಬಾರದಿದ್ದರೆ ಅದು ತಪ್ಪಲ್ಲ, ತಿಳಿಯದೆ ತಿದ್ದಿದ್ದು ತನ್ನ ತಪ್ಪು ಎಂದು. ಬರೆದು ಮುಗಿಸಿದಾಗ ಮನಸ್ಸು ತೊಳೆದಿಟ್ಟ ತಟ್ಟೆಯಂತಾಯಿತು. ಕಾರಣ ಸಿಕ್ಕಿತ್ತು, ಕ್ಷಮೆಗೊಂದು ಗಟ್ಟಿ ಆಧಾರ ಸಿಕ್ಕಿತ್ತು.

ಆ ಮಧ್ಯಾಹ್ನ, ತಿಂಗಳ ಮೇಲೆ, ಲಾರಿಯಣ್ಣ ಕಟ್ಟೆಗೆ ಬಂದ.

'ಮೇಡಂ ನೀವ್ ಬರ್ದಿದ್ದು ಓದಿ ಕಣ್ಣಲ್ಲಿ ನೀರ್ ಬಂತು ಆದ್ರೆ ಸುಳ್ಳೇಳಬಾರ್ದು ಆಪರೇಷನ್ನಿಗೆ ಮುಂಚೆನೂ ನನ್ನ ಬರವಣಿಗೆ ಇದೇ ತರ ಇತ್ತು ನಾಕನೇ ಕ್ಲಾಸಲ್ಲಿ ಮೇಷ್ಟ್ರು ಇದೇ ಅಕ್ಷರಕ್ಕೆ ಕಿವಿ ಇಂಡಿದ್ರು ಕಿವಿ ಉದ್ದ ಆಯ್ತು ಅಕ್ಷರ ಬರ್ಲಿಲ್ಲ ಈಗ ಡಾಕ್ಟ್ರು ಕಾರಣ ಕೊಟ್ಟಿದಾರೆ ಅಂತ ಕುಶಿಯಾಗಿದ್ದೆ ಸೈಡ್ ಪ್ಲೀಸ್ ನಿಮ್ಮ ಮೇಷ್ಟ್ರು ಉಸಿರು ಈಗ ಎಂಗಿದೆ'

ಕಟ್ಟೆಯೆಲ್ಲ ನಕ್ಕಿತು. ಮೂರು ಆಶ್ಚರ್ಯಸೂಚಕದ ಹೆಂಗಸು ಅಂದು ಮೂವತ್ತು ಹಾಕಿದಳು. ನಿವೃತ್ತ ಗುಮಾಸ್ತರು 'ಮಾನ್ಯರೇ, ಸಂತೋಷವಾಯಿತು' ಎಂದರು. ಕರಡಮ್ಮ ಫೋನ್ ಹಿಡಿದು ನಗುತ್ತಾ ಕೂತಳು. ಅವಳು ಕಷ್ಟಪಟ್ಟು ಹುಡುಕಿದ ಕಾರಣವನ್ನು ಪುಣ್ಯಾತ್ಮ ಒಂದೇ ಏಟಿಗೆ ಒದ್ದು ಬಿಟ್ಟಿದ್ದ. ಹಾಗಾದರೆ ಅವನನ್ನು ಸಹಿಸಲು ಕಾರಣವೇನೂ ಇಲ್ಲ. ಬೇಕಾಗಿಯೂ ಇಲ್ಲ. ಅವನು ಅವಳ ಭಯವನ್ನು ಊಹಿಸದೇ ಇದ್ದಿದ್ದರೂ ಹಾಗೇ ಬರೆಯಲು ಬಿಡಿ ಅಂತಲೇ ಹೇಳುತ್ತಿದ್ದ ಅಂತ ಅವಳಿಗೆ ಅನ್ನಿಸಿತು.

ಸ್ವಲ್ಪ ದಿನಕ್ಕೆ ದಾದಿಯಕ್ಕನಿಗೆ ಒಂದು ಯೋಚನೆ ಬಂತು. ಆಪರೇಷನ್ ಆಗಿ ಹೊಸದಾಗಿ ವಾರ್ಡಿಗೆ ಬರುವವರ ಕೈಗೆ ಕೊಡಲು ಒಂದು ಸಣ್ಣ ಪುಸ್ತಕ ಮಾಡಿದರೆ ಹೇಗೆ? ಕಟ್ಟೆಯವರು ಬರೆದದ್ದೇ, ಡಾಕ್ಟರು ಒಮ್ಮೆ ನೋಡಿ ಒಪ್ಪಿದ್ದು. ಮಾತಿನ ಟೀಚರ್ ಜವಾಬ್ದಾರಿ ಹೊತ್ತಳು. ಕರಡಮ್ಮನ ಹಳೆಯ ಮುದ್ರಣಾಲಯದ ಯಜಮಾನರು ಅಚ್ಚು ಹಾಕಿಕೊಡುತ್ತೇನೆ ಅಂದರು. ಕರಡು ತಿದ್ದುವುದು ಯಾರು ಅಂತ ಯಾರೂ ಕೇಳಲಿಲ್ಲ.

ಕರಡಮ್ಮ ಕಟ್ಟೆಯಲ್ಲಿ ಘೋಷಿಸಿದಳು: 'ಯಾರ ಬರಹವನ್ನೂ ತಿದ್ದುವುದಿಲ್ಲ. ಇದ್ದ ಹಾಗೇ ಅಚ್ಚಾಗುತ್ತದೆ.' ದೊಡ್ಡ ಮನಸ್ಸು ಮಾಡಿದೆ ಎಂದು ಒಳಗೊಳಗೇ ಸ್ವಲ್ಪ ಬೀಗಿದಳು ಕೂಡ. ಲಾರಿಯಣ್ಣ ಅಂದೇ ಉತ್ತರ ಬರೆದ.

'ಬ್ಯಾಡಿ ಮೇಡಂ ಪುಸ್ತಕ ಅಂದ್ರೆ ಮರ್ಯಾದೆ ಪ್ರಶ್ನೆ ನಮ್ಮ ಅಕ್ಕನ ಮನೇಲೆಲ್ಲಾ ಓದ್ತಾರೆ ಮನೇಲಿ ಲುಂಗೀಲಿ ಇರ್ತೀವಿ ಪೋಟೋ ತೆಗ್ಸೋಕೆ ಅಂಗೇ ಓಗ್ತೀವಾ ಸರಿ ಮಾಡ್ಕೊಡಿ ನಾನೇ ಬರ್ತೀನಿ'

ಹೇಳಿದ ಹಾಗೆ ಒಂದು ಭಾನುವಾರ ಬೆಳಿಗ್ಗೆ ಬಂದ. ಕರಡಮ್ಮ ಮನಸ್ಸಿನಲ್ಲಿ ಚಿತ್ರಿಸಿಕೊಂಡದ್ದು ಎತ್ತರದ, ಮೀಸೆಯ ಆಳು. ಬಾಗಿಲಲ್ಲಿ ನಿಂತದ್ದು ಅವಳ ಭುಜದೆತ್ತರದ ಸಣಕಲ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ಕತ್ತಿಗೆ ಚೆಂದದ ನೀಲಿ ಬಟ್ಟೆ. ಕತ್ತಿನ ರಂಧ್ರವನ್ನು ಹೆಬ್ಬೆರಳಿನಿಂದ ಮುಚ್ಚಿ ಒಡಕು ದನಿಯಲ್ಲಿ ಮಾತಾಡುತ್ತಿದ್ದ. ಒಳಗೆ ಒಂದು ಸಣ್ಣ ಕವಾಟ ಕೂರಿಸಿದ್ದಾರೆ ಅಂದ. ಮೇಷ್ಟ್ರು ಯಂತ್ರ ಹಿಡಿದು ಬಾಗಿಲಿಗೇ ಹೋದರು. ಇಬ್ಬರೂ ಚಾಲಕರು. ಒಬ್ಬರು ಗುಂಯ್ ಅಂತ, ಇನ್ನೊಬ್ಬರು ಗೊರ ಅಂತ, ಮೊದಲ ಅರ್ಧ ಗಂಟೆ ಗೇರುಪೆಟ್ಟಿಗೆಯ ಮಾತೇ ಆಯಿತು. ಮೇಷ್ಟ್ರ ಭುಜ ಅಲುಗುವಂತೆ ನಗುವುದನ್ನು ಕರಡಮ್ಮ ಆಪರೇಷನ್ ಆದ ಮೇಲೆ ಕಂಡದ್ದು ಅಂದೇ.

ಆಮೇಲೆ ಮೂವರೂ ಊಟದ ಮೇಜಿಗೆ ಬಂದರು. ಹಕಾರಗಳನ್ನು ಸೇರಿಸುವುದು ಸುಲಭವಾಯಿತು. ಒಂದೊಂದು ಸೇರಿದಾಗಲೂ ಲಾರಿಯಣ್ಣ "ಓ, ಅಲ್ಲೂ ಇತ್ತಾ!" ಅಂತ ಕಣ್ಣರಳಿಸುತ್ತಿದ್ದ. ಕಷ್ಟವಾದದ್ದು ಪೂರ್ಣವಿರಾಮ. ವ್ಯಾಕರಣದ ಪ್ರಕಾರ ಅವಳು ಹಾಕಿ ಓದಿದರೆ ಅದು ಲಾರಿಯಣ್ಣನ ಮಾತಾಗಿರಲಿಲ್ಲ, ಔಷಧಿ ಡಬ್ಬಿಯ ಮಾತಾಗಿತ್ತು. ಮೇಷ್ಟ್ರಿಗೆ ಉಸಿರು ಕಟ್ಟಿದ ಆ ಮಧ್ಯಾಹ್ನ ಇದನ್ನು ಓದಿದ್ದರೆ ನಾಲ್ಕನೆಯ ಸಲ ಹನಿ ಬಿಡುವ ಧೈರ್ಯ ಬರುತ್ತಿರಲಿಲ್ಲ.

"ಒಂದು ಕೆಲಸ ಮಾಡಿ" ಅಂದಳು. "ನೀವೇ ಗಟ್ಟಿಯಾಗಿ ಓದಿ."

ಲಾರಿಯಣ್ಣ ಕತ್ತಿಗೆ ಹೆಬ್ಬೆರಳು ಒತ್ತಿ ಓದಿದ. ಓದುತ್ತಾ ಓದುತ್ತಾ ಉಸಿರು ಮುಗಿದಾಗ ಬೆರಳು ತೆಗೆಯುತ್ತಿದ್ದ, ಎಳೆದುಕೊಳ್ಳುತ್ತಿದ್ದ, ಮತ್ತೆ ಒತ್ತುತ್ತಿದ್ದ. ಅವನು ಎಲ್ಲೆಲ್ಲಿ ಬೆರಳು ತೆಗೆದನೋ ಅಲ್ಲಲ್ಲಿ ಕರಡಮ್ಮ ಒಂದು ಚುಕ್ಕಿ ಇಟ್ಟಳು. ಕೆಲವು ಚುಕ್ಕಿ ವಾಕ್ಯದ ನಡುವೆ ಬಿದ್ದವು. ಬೀಳಲಿ. ಒಟ್ಟು ಇಪ್ಪತ್ತೆರಡಾದವು. ಓದಿ ತೋರಿಸಿದಾಗ ಮೇಷ್ಟ್ರು ಮೇಜು ಒಮ್ಮೆ ತಟ್ಟಿ, "ಸರಿಯಾಗಿದೆ" ಅಂದರು. 'ಸೈಡ್ ಪ್ಲೀಸ್' ಇರಬೇಕೋ ಬೇಡವೋ ಅನ್ನುವುದರ ಮೇಲೆ ಚರ್ಚೆಯಾಯಿತು. ಅದು ಹೋಗಬಾರದು ಅಂತ ಹಟ ಹಿಡಿದವಳು ಕರಡಮ್ಮನೇ.

ಹೊರಡುವಾಗ ಅವಳು ಬಾಗಿಲವರೆಗೆ ಬಂದಳು. ಹೇಳಬೇಕಾದ್ದನ್ನು ಮನಸ್ಸಿನಲ್ಲಿ ವಾರದಿಂದ ಕರಡು ಮಾಡಿಕೊಂಡಿದ್ದಳು. ಬಾಯಿ ಬಿಟ್ಟಾಗ ಬಂದದ್ದು ಬೇರೆ.

"ನನ್ನ ಪ್ರಶ್ನೆ ಪೂರ್ತಿ ಓದಿದ್ರಲ್ಲ, ಹದಿನಾಲ್ಕೂ. ಅದಕ್ಕೆ... ನಾನು..."

"ಓದ್ದೆ ಏನ್ ಮಾಡ್ಲಿ ಮೇಡಂ" ಅಂದ ಲಾರಿಯಣ್ಣ. "ನೀವು ಕೇಳಿದ್ರಲ್ಲ."

ಪುಸ್ತಕದ ಕೊನೆಯ ಹಾಳೆ ಕೃತಜ್ಞತೆಗೆ ಮೀಸಲು. ಇಂಥ ಹಾಳೆ ಅವಳು ಸಾವಿರ ತಿದ್ದಿರಬೇಕು. ಯಾರೂ ಓದದ ಹಾಳೆ ಅಂತ ಮುದ್ರಣಾಲಯದಲ್ಲಿ ಅದಕ್ಕೆ ಕೊನೆಯ ಹತ್ತು ನಿಮಿಷ ಕೊಡುತ್ತಿದ್ದರು. ತಾನೇ ಬರೆಯಬೇಕಾಗಿ ಬಂದಾಗ ನಾಲ್ಕು ದಿನ ಹಿಡಿಯಿತು. ಕೊನೆಗೆ ನಿಂತದ್ದು ಇಷ್ಟು: 'ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತೇವೆ. ನಮ್ಮ ಬರಹವನ್ನು ಕೊನೆಯವರೆಗೆ ಓದಿದ ಎಲ್ಲರಿಗೂ ನಾವು ಋಣಿಗಳು. ನೀವೂ ಬಂದು ನಿಮಗೆ ಬಂದ ಹಾಗೆ ಬರೆಯಿರಿ, ಓದುತ್ತೇವೆ.' ಮುದ್ರಣಾಲಯದ ಯಜಮಾನರು ಅದನ್ನು ನೋಡಿ ಕನ್ನಡಕ ತೆಗೆದರು. "ಕರಡಮ್ಮಾ, ಇದು ನೀವೇ ಬರೆದದ್ದಾ?" ಅಂದರು. ಹೌದು ಅಂದಳು.

ಪುಸ್ತಕದ ಕಟ್ಟುಗಳು ಒಂದು ಮಂಗಳವಾರ ಬಂದವು. ಮೇಷ್ಟ್ರೇ ಕಾರು ತೆಗೆದು, ಕರಡಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟರು. ಮಾತಿನ ಟೀಚರ್ ವಾರ್ಡಿನ ಹೊರಗೇ ಕಟ್ಟು ಬಿಚ್ಚಿದಳು. ಗೋಡೆ ಪಕ್ಕದ ಬೆಂಚಿನಲ್ಲಿ ಒಬ್ಬಳು ಹೆಂಗಸು ತೊಡೆಯ ಮೇಲೆ ಚೀಲ ಅವುಚಿಕೊಂಡು ಕೂತಿದ್ದಳು. ಬೆಳಿಗ್ಗೆ ಅವಳ ತಮ್ಮನ ಆಪರೇಷನ್ ಆಗಿತ್ತಂತೆ. ಮೊದಲ ಪ್ರತಿ ಅವಳ ಕೈಗೆ ಹೋಯಿತು. ಅವಳು ಮುಖಪುಟ ನೋಡಿದಳು, ತೆರೆದಳು, ಓದತೊಡಗಿದಳು. ಮೇಷ್ಟ್ರು ಹೋಗೋಣವೇ ಎಂದು ಕಣ್ಣಲ್ಲೇ ಕೇಳಿದರು. ಇನ್ನೊಂದು ನಿಮಿಷ ಅಂತ ಕರಡಮ್ಮ ಅವರ ತೋಳು ಹಿಡಿದಳು. ಆ ಹೆಂಗಸು ಚೀಲವನ್ನು ಬೆಂಚಿನ ಮೇಲೆ ಪಕ್ಕಕ್ಕಿಟ್ಟು ಹಾಳೆ ತಿರುವಿದ ಮೇಲೆಯೇ ಇಬ್ಬರೂ ಅಲ್ಲಿಂದ ಕದಲಿದರು.